ದೋಣಿ ಮುತ್ತನ ವಧೆ

ಮಳೆಗಾಲದಲ್ಲಿ ಗೊಂಬೆಯಾಟದವನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಕೋಟದ ಚಂದಯ್ಯನ ಗೊಂಬೆಗಳು ಮಳೆಗೆ ಮೊದಲೇ ಪೆಟ್ಟಿಗೆ ಸೇರಿ, ಒಲೆಯ ಮೇಲಿನ ಅಟ್ಟ ಹತ್ತಿ, ದೀಪಾವಳಿಯ ತನಕ ಹೊಗೆ ಕುಡಿಯುತ್ತ ಬಿದ್ದಿರುತ್ತಿದ್ದವು. ಅಷ್ಟು ದಿನ ಚಂದಯ್ಯನ ಪಾಡೂ ಹೆಚ್ಚುಕಡಿಮೆ ಅದೇ. ಬೀಡಿ ಸೇದುವುದು, ಗೊಂಬೆಗಳ ಹರಿದ ಜರಿ ಹೊಲಿಯುವುದು, ನಡುನಡುವೆ ಹೆಂಡತಿ ಸರಸಳಿಂದ ಬೈಸಿಕೊಳ್ಳುವುದು. ಹಾಗಾಗಿ ಮಳೆ ಇನ್ನೂ ಬಿಡದ ಸೋಣ ತಿಂಗಳ ಒಂದು ಬೆಳಿಗ್ಗೆ ಕೋಡಿಯ ಚಿಕ್ಕ ಶಾಲೆಯ ಪ್ರೇಮಾನಂದ ಮಾಸ್ಟ್ರು ಕೊಡೆ ಮಡಚುತ್ತ ಅಂಗಳದಲ್ಲಿ ನಿಂತಾಗ, ಯಾರದೋ ಮನೆಯ ಪೂಜೆಗೆ ಆಟ ಹೇಳಲು ಬಂದರು ಎಂದುಕೊಂಡು ಅವನು ಅಂಗಿ ಸಿಕ್ಕಿಸಿಕೊಂಡು ಹೊರಗೆ ಬಂದ.

"ಗೊಂಬಿ ಬೇಕಿತ್ ಚಂದಯ್ಯ," ಅಂದರು ಮಾಸ್ಟ್ರು. "ಆಟ ಆಡುಕಲ್ಲ. ಮಕ್ಳ್ ಕೈಗೆ ಕೊಡುಕೆ."

ಯಾವ ಮಕ್ಕಳು ಎಂದು ಚಂದಯ್ಯ ಕೇಳಲಿಲ್ಲ. ಕೋಡಿಯ ಮಕ್ಕಳು ಎಂದರೆ ಆ ವರ್ಷ, ಅಂದರೆ ಅರುವತ್ತೆರಡರಲ್ಲಿ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲೆ ತೆರೆದ ವಾರದಲ್ಲಿ ಕೋಡಿಯಿಂದ ಕುಂದಾಪುರದ ಶಾಲೆಗೆ ಮಕ್ಕಳನ್ನು ದಾಟಿಸುತ್ತಿದ್ದ ಕಡವಿನ ದೋಣಿ ಹೊಳೆಯ ನಡುವೆ ಮಗುಚಿತ್ತು. ಅರ್ಧದಷ್ಟು ಮಕ್ಕಳು ಮನೆಗೆ ಬಂದರು. ಉಳಿದವರನ್ನು ಹೊತ್ತು ತಂದರು. ಅಳಿವೆಯ ಕಡೆಯಿಂದ ಬರುತ್ತಿದ್ದ ಮಂಜಿಯ ಖಲಾಸಿಗಳು ಆ ದೊಡ್ಡ ಹಾಯಿಹಡಗಿನಿಂದ ನೀರಿಗೆ ಹಾರದೆ ಇದ್ದಿದ್ದರೆ ಆ ಅರ್ಧವೂ ಬರುತ್ತಿರಲಿಲ್ಲ.

ಬದುಕಿ ಬಂದವರೂ ಪೂರ್ತಿ ಬಂದಿರಲಿಲ್ಲ ಎಂದು ಮಾಸ್ಟ್ರು ಹೇಳಿದರು. ನೀರು ಕಂಡರೆ ಕಿರುಚುತ್ತವೆ. ಕೊಡಪಾನದಿಂದ ತಲೆಗೆ ನೀರು ಹೊಯ್ಯಲು ಬಿಡುವುದಿಲ್ಲ. ಉಂಡದ್ದು ಮೈಗೆ ಹತ್ತುವುದಿಲ್ಲ, ಕಣ್ಣು ಮುಚ್ಚಿದರೆ ಬೆಚ್ಚುತ್ತವೆ. ದೋಣಿ ಹತ್ತಿ ಕುಂದಾಪುರಕ್ಕೆ ಹೋಗುವ ಮಾತೇ ಇಲ್ಲದ ಕಾರಣ ಮಾಸ್ಟ್ರೇ ಅವರನ್ನು ತಮ್ಮ ಶಾಲೆಯಲ್ಲಿ ಕೂರಿಸಿಕೊಂಡಿದ್ದರು. ಮದ್ರಾಸಿನಲ್ಲಿ ಟ್ರೈನಿಂಗ್ ಆಗಿ ಬಂದವರು ಅವರು. ತನ್ನ ದುಃಖ ಹೇಳಲಾರದ ಮಗು ಗೊಂಬೆಯ ದುಃಖ ಎಂದು ಅದನ್ನು ಹೇಳುತ್ತದಂತೆ, ಹಾಗೆ ಹತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿ ಆಡಿಸಿದರೆ ಒಬ್ಬರ ಭಯಕ್ಕೆ ಇನ್ನೊಬ್ಬರು ಜೊತೆಯಾಗುತ್ತಾರಂತೆ, ದೊಡ್ಡ ಯುದ್ಧದ ನಂತರ ವಿಲಾಯತಿಯಲ್ಲಿ ಹೀಗೆ ಮಾಡಿದ್ದಾರಂತೆ.

"ಗೊಂಬಿ ಮಕ್ಳ್ ಕೈಗಾ?" ಎಂದು ಸರಸ ಒಳಗಿನಿಂದಲೇ ಕೇಳಿದಳು. "ಮಾವಯ್ಯ ಇದ್ದಿದ್ರೆ ಹೌದಂಬ್ರಾ ಕೇಣಿ."

ಚಂದಯ್ಯನ ಅಪ್ಪ ಇದ್ದಿದ್ದರೆ ಖಂಡಿತ ಹೌದೆನ್ನುತ್ತಿರಲಿಲ್ಲ. ಸೂತ್ರ ಹಿಡಿಯುವ ಮೊದಲು ಸ್ನಾನ ಮಾಡಬೇಕು, ಗಣಪತಿಗೆ ಕಾಯಿ ಒಡೆಯದೆ ಪೆಟ್ಟಿಗೆ ತೆರೆಯಬಾರದು, ಮನೆಯ ಗಂಡಸರಲ್ಲದೆ ಬೇರೆಯವರು ಮುಟ್ಟಬಾರದು ಎಂದು ಅವರ ಮನೆತನದಲ್ಲಿ ಕಟ್ಟಳೆಗಳು ಗೊಂಬೆಗಳಿಗಿಂತ ಹೆಚ್ಚಿದ್ದವು. ಚಂದಯ್ಯ ಅದನ್ನೇ ಹೇಳಿ ಕೈತೊಳೆದುಕೊಳ್ಳುತ್ತಿದ್ದನೋ ಏನೋ. ಅಷ್ಟರಲ್ಲಿ ಮಾಸ್ಟ್ರು ಇನ್ನೊಂದು ಮಾತು ಹೇಳಿದರು.

"ಬೇರೆ ಮಕ್ಳ್ ಅಡ್ಡಿಲ್ಲೆ, ಕಣ್ಣೀರ್ ಹಾಕಿ ಮರ್ಕುದಾರೂ ಮರ್ಕ್ತೊ. ದೋಣಿ ಮುತ್ತನ ಮಗ್ಳ್ ಒಂದಿತ್, ಗೋಪಿ ಅಂದೇಳಿ. ಅದ್ ಅವತ್ತಿಂದ ಒಂದ್ ಮಾತ್ ಆಡ್ಲಿಲ್ಲೆ. ಮಣಿಪಾಲಕ್ಕೂ ಕರ್ಕಂಡ್ ಹೋಯ್ ಬಂದೊ. ಗಂಟ್ಲಿಗೆ ಎಂತದೂ ಆಯ್ಲಿಲ್ಲೆ ಅಂಬ್ರ್ ಡಾಕ್ಟ್ರ್."

ಚಂದಯ್ಯನಿಗೆ ಒಂದು ಸೊಕ್ಕು ಇತ್ತು. ಕೆರಾಡಿಯ ಕಾಡಂಚಿನ ಮನೆಗಳಿಂದ ಹಿಡಿದು ಕಡಲ ಬದಿಯ ಕೇರಿಗಳವರೆಗೆ ಅವನು ಆಡಿಸದ ಅಂಗಳವಿಲ್ಲ, ಅವನ ಹಾಸ್ಯಗಾರ ಗೊಂಬೆ ಮಾತಾಡಿಸಿದರೆ ಬಾಯಿ ಬಿಡದ ಮಗುವನ್ನು ಅವನು ಕಂಡಿರಲಿಲ್ಲ. "ನಾ ಮಾತಾಡುಸ್ತೆ ಅದ್ನ," ಎಂದುಬಿಟ್ಟ. ಅಂದ ಮೇಲೆ ಮುಗಿಯಿತು. ಅದೇ ವಾರ ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಚಂಡೆ ಬಡಿಯುವ ಬಾವ ಸುಬ್ಬನನ್ನು ಕರೆದುಕೊಂಡು, ಕೋಟೇಶ್ವರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ಪೆಟ್ಟಿಗೆ ಹೊತ್ತು ಮರಳಿನಲ್ಲಿ ನಡೆದು ಚಂದಯ್ಯ ಕೋಡಿ ಸೇರಿದ.

ಶಾಲೆಯ ಹೊರಗೆ ಗಾಳಿಮರದ ಬುಡದಲ್ಲಿ ಒಬ್ಬ ಆಳು ಮಳೆಗೆ ತಲೆಯ ಮೇಲೆ ಓಲೆಯ ಗೊರಬು ಹಾಕಿ ಕುಕ್ಕರುಗಾಲಿನಲ್ಲಿ ಕೂತಿದ್ದ. ದಾರಿಯಲ್ಲಿ ಹೋಗುವ ಹೆಂಗಸರು ಅವನಿದ್ದ ಬದಿ ಬಿಟ್ಟು ಆಚೆ ಬದಿಯಲ್ಲಿ ಹೋಗುತ್ತಿದ್ದರು, ಒಬ್ಬಳು ಉಗಿದಳು. ಅವನು ಅದನ್ನು ಗೊರಬಿಗೆ ಬಿದ್ದ ಮಳೆಹನಿ ಅನ್ನುವಷ್ಟಕ್ಕೆ ತೆಗೆದುಕೊಂಡ. ಅವನೇ ದೋಣಿ ಮುತ್ತ. ದೋಣಿ ಮಗುಚಿದ ದಿನ ದಡದ ಮೇಲೆ, ಮಂಜಿಯ ಖಲಾಸಿ ಕುಷ್ಟ ಅವನ ಎದೆಯ ಮೇಲೆ ಕೂತು ಬಡಿದಿದ್ದ. ಕುಷ್ಟ ನೀರಿಗೆ ಹಾರಿ ಕಂಡಕಂಡವರ ಮಕ್ಕಳನ್ನೆಲ್ಲ ಎಳೆದು, ತನ್ನ ಮಗ ಕಿಟ್ಟನನ್ನೂ ಎಳೆದು, ತನ್ನ ಸಣ್ಣ ಮಗಳನ್ನು ಮಾತ್ರ ಎಳೆಯಲಾರದೆ ಹೋದವನು. ಎಂತ ಮಾಡಿದೆ ಹೇಳು ಎಂದು ಊರಿಗೆ ಊರೇ ಸುತ್ತ ನಿಂತು ಕೇಳಿತ್ತು. ಮುತ್ತ ಹೇಳಿದ್ದು ಒಂದೇ ಮಾತು, ತಪ್ಪು ನಂದೇ ಎಂದು. ಕುಡಿದಿದ್ದ ಎಂದರು ಜನ. ಮುತ್ತ ಕುಡಿಯುವವನಲ್ಲ ಎಂದು ಗೊತ್ತಿದ್ದವರೂ ಅಂದರು. ಪೊಲೀಸರು ಒಯ್ದು ಬಿಟ್ಟರು, ದೋಣಿ ಹೋಯಿತು, ಹೆಂಡತಿ ಮೊದಲೇ ಇರಲಿಲ್ಲ. ಈಗ ಅವನಿಗೆ ಉಳಿದ ಕೆಲಸವೆಂದರೆ ಮಗಳನ್ನು ಶಾಲೆಗೆ ತಂದು ಬಿಡುವುದು, ಶಾಲೆ ಮುಗಿಯುವವರೆಗೆ ಮರದ ಬುಡದಲ್ಲಿ ಕೂರುವುದು.

ಮೊದಲ ದಿನ ಮಕ್ಕಳು ಗೊಂಬೆಯ ಹತ್ತಿರವೂ ಸುಳಿಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದವು. ಆ ವಯಸ್ಸಿನ ಮಕ್ಕಳು ಅಷ್ಟು ಸುಮ್ಮನೆ ಕೂತದ್ದನ್ನು ಕಂಡು ಚಂದಯ್ಯ ಪೆಟ್ಟಿಗೆಯನ್ನು ಅವರ ಹತ್ತಿರಕ್ಕೆ ಎಳೆದ. ರಾಜ, ರಾಣಿ, ಅರ್ಜುನ, ಹನುಮಂತ, ಹಾಸ್ಯಗಾರ ಎಂದು ಒಂದೊಂದಾಗಿ ತೆಗೆದು ಬೆಂಚಿನ ಮೇಲೆ ಕೂರಿಸಿದ. ಕೆಂಪು ಕಪ್ಪು ಮುಖದ, ಕೋರೆಹಲ್ಲಿನ ರಾಕ್ಷಸನನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟ. ಹೆದರಿದ ಮಕ್ಕಳಿಗೆ ಅದು ಬೇಡ ಎಂದು ಅವನ ಲೆಕ್ಕ.

ಎರಡು ಮೂರು ಸಲ ಹೋಗಿ ಬಂದ ಮೇಲೆ ಮಕ್ಕಳ ಕೈ ಮುಂದಕ್ಕೆ ಬಂತು. ಮೊದಲು ಹನುಮಂತನ ಬಾಲ ಎಳೆದರು. ಆಮೇಲೆ ಸೂತ್ರ ಹಿಡಿದು ಕಂಡರು, ಗೊಂಬೆ ಕಾಲು ಮೇಲಾಗಿ ನೇತಾಡಿತು, ಒಂದು ಹುಡುಗಿ ಕಿಸಕ್ಕನೆ ನಕ್ಕು ತನಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಕುಷ್ಟನ ಮಗ ಕಿಟ್ಟ ಎಲ್ಲರಿಗಿಂತ ಬೇಗ ಕಲಿತ. ಬೆಂಚು ಹತ್ತಿ ನಿಂತು ಅರ್ಜುನನನ್ನು ಕುಣಿಸುತ್ತಿದ್ದ, ಯಾರಾದರೂ ಅಡ್ಡ ಬಂದರೆ ಅರ್ಜುನನ ಬಿಲ್ಲಿನಿಂದಲೇ ಕುಟ್ಟುತ್ತಿದ್ದ. ಆ ಹುಡುಗನ ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು ಇತ್ತು.

ಗೋಪಿಯ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅವಳು ಮೂಲೆಯಲ್ಲಿ ಕೂತು, ಬೇರೆ ಮಕ್ಕಳು ಸಿಕ್ಕು ಮಾಡಿ ಬಿಸಾಡಿದ ಸೂತ್ರಗಳನ್ನು ಒಂದೊಂದಾಗಿ ಬಿಡಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬಲೆ ಬಿಡಿಸಿ ಅಭ್ಯಾಸವಾದ ಬೆರಳುಗಳು. ಚಂದಯ್ಯ ಹಾಸ್ಯಗಾರನನ್ನು ಹಿಡಿದು ಅವಳ ಎದುರು ಕೂತುಕೊಳ್ಳುತ್ತಿದ್ದ. ಹಾಸ್ಯಗಾರ ಅವಳಿಗೆ ತನ್ನ ಅತ್ತೆಯ ಸುದ್ದಿ ಹೇಳಿದ, ಮೂಲವ್ಯಾಧಿಯ ಸುದ್ದಿ ಹೇಳಿದ, ಕುಂದಾಪುರದ ಹೋಟೆಲಿನಲ್ಲಿ ಗೋಳಿಬಜೆ ಕದ್ದು ಸಿಕ್ಕಿಬಿದ್ದದ್ದು ಹೇಳಿದ. ಊರೂರಿನ ಅಂಗಳಗಳನ್ನು ನಗಿಸಿದ ಮಾತೆಲ್ಲ ಅವಳ ಮುಂದೆ ಮುಗಿದುಹೋಯಿತು. ಒಂದು ದಿನ ಮಾತ್ರ ಹಾಸ್ಯಗಾರ ಅವಳ ಕೈಯ ಗಂಟಿನಲ್ಲಿ ಮೂಗು ಸಿಕ್ಕಿಸಿಕೊಂಡು ಒದ್ದಾಡಿದಾಗ ಅವಳ ತುಟಿ ಅಲುಗಿತು. ಒಂದು ಮಾತು ಬಾಯಿಯವರೆಗೆ ಬಂದು ನಿಂತು, ಯಾರೋ ಕರೆದ ಹಾಗೆ ಹಿಂದಕ್ಕೆ ಹೋಯಿತು. ಆ ದಿನ ಚಂದಯ್ಯ ಕೋಟೇಶ್ವರದವರೆಗೆ ಪೆಟ್ಟಿಗೆಯ ಭಾರವೇ ತಿಳಿಯದೆ ನಡೆದ. "ಇನ್ನೊಂದ್ ವಾರ ಸುಬ್ಬ," ಅಂದ. "ಹೆಚ್ಚಂದ್ರೆ ಎರಡ್. ಆಡ್ತ್ ಅದ್."

ಆಡಿತು. ಅದೂ ಒಂದೇ ವಾರದಲ್ಲಿ.

ಆ ದಿನ ಚಂದಯ್ಯ ಮಾಸ್ಟ್ರೊಡನೆ ಜಗಲಿಯಲ್ಲಿ ಮಾತಾಡುತ್ತ ಪೆಟ್ಟಿಗೆಯ ಬಾಯಿ ಮುಚ್ಚಲು ಮರೆತ. ಒಳಗೆ ಬಂದಾಗ ಕಿಟ್ಟ ರಾಕ್ಷಸನನ್ನು ಕುತ್ತಿಗೆ ಹಿಡಿದು ಎತ್ತಿ ನಿಲ್ಲಿಸಿದ್ದ. ಮಕ್ಕಳೆಲ್ಲ ಸುತ್ತ ನಿಂತಿದ್ದರು.

"ಇದ್ ದೋಣಿ ಮುತ್ತ," ಅಂದ ಕಿಟ್ಟ.

ಯಾರೂ ನಗಲಿಲ್ಲ. ಒಬ್ಬ ಹುಡುಗ ಬೆಂಚು ಎಳೆದು ತಂದ, ಅದು ದೋಣಿಯಾಯಿತು. ರಾಜ, ರಾಣಿ, ಹನುಮಂತ, ಹಾಸ್ಯಗಾರ ಎಲ್ಲರೂ ಸಾಲಾಗಿ ದೋಣಿ ಹತ್ತಿದರು, ಒಬ್ಬೊಬ್ಬರ ಹಿಂದೆ ಒಂದೊಂದು ಮಗು ಸೂತ್ರ ಹಿಡಿದು ನಿಂತಿತು. ದೋಣಿ ನಡೆಸುವವನು ಬೇಕು. ಆ ಗೊಂಬೆಯನ್ನು ಕುಣಿಸುವೆ ಎನ್ನುವವರು ಯಾರೂ ಇಲ್ಲ. ಆಗ ಮೂಲೆಯಿಂದ ಗೋಪಿ ಎದ್ದು ಬಂದು, ಕಿಟ್ಟನ ಕೈಯಿಂದ ರಾಕ್ಷಸನನ್ನು ತೆಗೆದುಕೊಂಡು, ಸೂತ್ರ ಬಿಡಿಸಿ, ದೋಣಿಯ ಹಿಂದಿನ ತುದಿಯಲ್ಲಿ ನಿಲ್ಲಿಸಿದಳು.

ತನ್ನ ಮನೆಯ ಕಟ್ಟಳೆಗಳಲ್ಲಿ ಎಲ್ಲವನ್ನೂ ಚಂದಯ್ಯ ಈ ಮಕ್ಕಳಿಗಾಗಿ ಮುರಿದಿದ್ದ, ಒಂದನ್ನು ಬಿಟ್ಟು. ರಾಕ್ಷಸ ರಂಗಕ್ಕೆ ಬಂದರೆ ಅವನ ವಧೆಯಾಗದೆ ಪೆಟ್ಟಿಗೆಗೆ ಹಾಕಬಾರದು. ವಧೆಯಾಗದ ರಾಕ್ಷಸನನ್ನು ಮನೆಗೆ ತಂದರೆ ಮನೆಯಲ್ಲಿ ಸಾವಾಗುತ್ತದೆ ಎಂದು ಅವನ ಅಪ್ಪ, ಅಪ್ಪನ ಅಪ್ಪ ನಂಬಿದ್ದರು. ಸುರಿಯುವ ಮಳೆಗೆ ಜನ ಎದ್ದು ಹೋದರೂ ಖಾಲಿ ಅಂಗಳಕ್ಕೆ ರಾಕ್ಷಸನನ್ನು ಕೊಂದು ತೋರಿಸಿಯೇ ಅವರು ಮನೆಗೆ ಬರುತ್ತಿದ್ದರು. ಈಗ ಈ ರಾಕ್ಷಸನ ಹೆಸರು ಮುತ್ತ. ಸೂತ್ರ ಇರುವುದು ಮುತ್ತನ ಮಗಳ ಕೈಯಲ್ಲಿ. ನಿಲ್ಲಿಸಬೇಕು ಎಂದು ಅವನು ಹೆಜ್ಜೆ ಇಟ್ಟ, ಮಾಸ್ಟ್ರು ರಟ್ಟೆ ಹಿಡಿದುಕೊಂಡರು.

"ತಡಿಬೇಡಿ," ಎಂದು ಪಿಸುಗುಟ್ಟಿದರು. "ಒಳ್ಗಿದ್ದದ್ ಹೊರ್ಗ್ ಬರ್ಲಿ."

ದೋಣಿ ಹೊರಟಿತು. ರಾಕ್ಷಸ ಬಾಗಿ ಬಾಗಿ ಜಲ್ಲೆ ಊರಿ ದೋಣಿ ತಳ್ಳಿದ. ಆ ಬಾಗುವುದನ್ನು ಚಂದಯ್ಯ ಅವಳಿಗೆ ಕಲಿಸಿರಲಿಲ್ಲ. ಬೆಂಚಿನ ನಡುವಿಗೆ ಬಂದಾಗ ಮಕ್ಕಳ ಉಸಿರು ಕೇಳಿಸುತ್ತಿತ್ತು. ಮುಂದೆ ಏನಾಗಬೇಕು ಎಂದು ಎಲ್ಲರಿಗೂ ಗೊತ್ತು, ಮಾಡುವವರು ಯಾರೂ ಇಲ್ಲ. ಆಗ ರಾಕ್ಷಸ ತಲೆ ಎತ್ತಿದ, ಗೋಪಿಯ ಬಾಯಿಯಿಂದ ಗಂಡಸಿನ ಸ್ವರ ಬಂತು. ಒಡೆದ, ಒರಟು, ಹೊಳೆಯ ಈ ದಡದಿಂದ ಆ ದಡಕ್ಕೆ ಕೂಗಿ ಪಳಗಿದ ಸ್ವರ.

"ಹ್ವಾಯ್, ಒಂದೇ ಬದಿಗ್ ಬರ್ಬೇಡಿ ಮಕ್ಳೇ. ದೋಣಿ ಮಗುಚ್ತ್. ಇದ್ದಲ್ಲೇ ಕೂಕಣಿ. ಕಿಟ್ಟ, ಕೂಕೊ ಮಗಾ."

ಒಂದು ಗಳಿಗೆ ಕಿಟ್ಟ ಹಾಗೇ ನಿಂತ. ಮರುಗಳಿಗೆ ಅರ್ಜುನ ಹಾರಿ ಬಂದು ರಾಕ್ಷಸನ ಮೋರೆಗೆ ಬಡಿದ. ಮತ್ತೆ ಬಡಿದ. ಕಿಟ್ಟ ಕಿರುಚುತ್ತಿದ್ದ, ಮಾತಿಲ್ಲ, ಬರೀ ಕಿರುಚು. ಅದನ್ನು ಕೇಳಿದ್ದೇ ಹನುಮಂತ ಎದ್ದ, ರಾಜ ಎದ್ದ, ರಾಣಿಯೂ ಎದ್ದಳು.

ಇಲ್ಲಿ ಚಂದಯ್ಯ ಮಾಡಿದ್ದನ್ನು ಯಾವ ಗೊಂಬೆಯಾಟದವನಾದರೂ ಮಾಡುತ್ತಿದ್ದನೇನೋ. ಆ ಮಾತು ಅವನ ಸಮಾಧಾನಕ್ಕೆ ಮಾತ್ರ. ಗೊಂಬೆಗೆ ಗೊಂಬೆ ತಾಗಿದ ಶಬ್ದ ಕಿವಿಗೆ ಬಿದ್ದದ್ದೇ ಅವನು ಬೆಂಚಿನ ಪಕ್ಕಕ್ಕೆ ನುಗ್ಗಿದ, ಗಂಟಲು ತಾನಾಗಿ ಯುದ್ಧದ ಪದ ಎತ್ತಿತು. ಪದ ಎತ್ತಿದ್ದೇ ಸುಬ್ಬನ ಕೈ ಚಂಡೆಗೆ ಬಿತ್ತು. ಹುಟ್ಟಿದಂದಿನಿಂದ ಆ ಎರಡು ಕೈ, ಒಂದು ಗಂಟಲು ಕಲಿತದ್ದೇ ಅದು. ಹೊಡೆತಕ್ಕೆ ತಾಳ ಸಿಕ್ಕಿತು, ತಾಳ ಸಿಕ್ಕಿದ ಮೇಲೆ ಮಕ್ಕಳಿಗೆ ಹೆದರಿಕೆ ಹೋಯಿತು. ತಾಳಕ್ಕೆ ಸರಿಯಾಗಿ ಹೊಡೆದರು. ಆ ಗದ್ದಲದೊಳಗೆ ಗೋಪಿ ಅದೇ ಸ್ವರದಲ್ಲಿ ಒಂದೇ ಬದಿಗೆ ಬರಬೇಡಿ, ಒಂದೇ ಬದಿಗೆ ಬರಬೇಡಿ ಎಂದು ಕೂಗುತ್ತಲೇ ಇದ್ದಳು. ಪಕ್ಕದಲ್ಲಿದ್ದ ಚಂದಯ್ಯನಿಗೆ ಕೇಳಿತು, ಎದುರಿಗಿದ್ದ ಕಿಟ್ಟನಿಗೆ ಕೇಳಿತು. ಬಾಗಿಲಲ್ಲಿದ್ದ ಮಾಸ್ಟ್ರಿಗೆ ಅವಳ ಬಾಯಿ ಆಡುವುದು ಕಂಡಿತು, ಅಷ್ಟೇ. ಕೊನೆಗೆ ರಾಕ್ಷಸ ಬಿದ್ದ. ಸೂತ್ರ ಅವಳ ಕೈಯಲ್ಲಿತ್ತು, ಬಾಯಿ ಮುಚ್ಚಿತ್ತು.

ಮಕ್ಕಳು ಬೆವರಿದ್ದರು. ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ಹಸಿವಾಗುತ್ತದೆ ಎಂದರು. ಶಾಲೆಯಲ್ಲಿ ಗಂಜಿ ಬೇಯಿಸಿ ಹಾಕಬೇಕಾಯಿತು. ಮಾರನೆಯ ದಿನ ಕಿಟ್ಟನ ತಾಯಿ ಜಲಜ ಶಾಲೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸುತ್ತ ಹೇಳಿದಳು, ಗಂಡುಮಗು ರಾತ್ರಿಯಿಡೀ ಒಂದೇ ನಿದ್ದೆ ಮಾಡಿತು, ತಾನೇ ಎದ್ದು ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡಿತು, ಅದನ್ನು ನೋಡಿ ತನಗೆ ಜೀವ ಬಂದ ಹಾಗಾಯಿತು. ಬೇರೆ ಮನೆಗಳಿಂದಲೂ ಅದೇ ಸುದ್ದಿ. ಮಾಸ್ಟ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇನ್ನೊಂದು ಸಲ ಆಡಿಸಬೇಕು, ತಂದೆತಾಯಿಯರನ್ನೆಲ್ಲ ಕರೆಯಬೇಕು ಎಂದರು. "ಗೋಪಿ ಬಾಯಿ ಬಿಡ್ತ್ ಕಂಡ್ರ್ಯಾ," ಎಂದು ಚಂದಯ್ಯನ ಕೈ ಹಿಡಿದು ಕುಲುಕಿದರು. ಬಾಯಿ ಬಿಟ್ಟು ಏನು ಹೇಳಿದಳು ಎಂದು ಕೇಳಲಿಲ್ಲ. ಗೊಂಬೆ ಕೆಳಗಿಟ್ಟ ಮೇಲೆ ಅವಳು ಮತ್ತೆ ಮೊದಲಿನಂತೆಯೇ ಆಗಿದ್ದಳು. ಮೆಲ್ಲಮೆಲ್ಲ ಸರಿಯಾಗುತ್ತದೆ ಎಂದರು ಮಾಸ್ಟ್ರು.

ಚಂದಯ್ಯ ನೆಟ್ಟಗೆ ಗಾಳಿಮರದ ಬುಡಕ್ಕೆ ಹೋಗಿ ಮುತ್ತನ ಎದುರು ಕೂತ. ಬೀಡಿ ಕೊಟ್ಟ, ಮುತ್ತ ತೆಗೆದುಕೊಳ್ಳಲಿಲ್ಲ.

"ಒಂದೇ ಬದಿಗ್ ಬರ್ಬೇಡಿ ಅಂದೇಳಿ ಕೂಗಿದ್ಯಾ ನೀನ್?"

ಮುತ್ತ ತಲೆ ಎತ್ತಿದ. "ಗೋಪಿ ಅದ್ನ ಹೇಳ್ತಾ?" ಎಂದು ಕೇಳಿದ. ಶಾಲೆಯೊಳಗೆ ಚಂದಯ್ಯ ಕೇಳಿದ್ದು ಥೇಟ್ ಇದೇ ಸ್ವರ.

ಆಮೇಲೆ ಮುತ್ತ ಹೇಳಿದ. ದೋಣಿ ಹೊಳೆಯ ನಡುವಿಗೆ ಬಂದಾಗ, ಮಳೆ ಹಿಡಿಯುವ ಮೊದಲು ಅಳಿವೆ ಹೊಕ್ಕುಬಿಡಬೇಕೆಂದು ಕೊನೆಯ ಮಂಜಿ ಹಾಯಿ ಬಿಚ್ಚಿ ಬರುತ್ತಿತ್ತು. ಮುಂಬೈಯಿಂದ ಕುಷ್ಟ ಬರುವ ಮಂಜಿ ಅದು. ಮೊದಲು ಕಂಡವನು ಕಿಟ್ಟ. ಅಪ್ಪಯ್ಯ ಬಂದ ಎಂದು ಕುಣಿದು ಆ ಬದಿಗೆ ಓಡಿದ, ತಂಗಿಯನ್ನೂ ಎಳೆದುಕೊಂಡ, ಎಲ್ಲಿ ಎಲ್ಲಿ ಎಂದು ಉಳಿದವರೆಲ್ಲ ಹಿಂದಿನಿಂದ ನುಗ್ಗಿದರು. ಮುತ್ತ ಕೂಗುತ್ತಲೇ ಇದ್ದ. ಮುಂಬೈಯಿಂದ ಬರುವ ಅಪ್ಪನೆದುರು ದೋಣಿಯವನ ಕೂಗು ಯಾವ ಮಗುವಿಗೆ ಕೇಳುತ್ತದೆ.

"ಹೇಳುಕ್ ಎಂತ ಆಯ್ತ್ ನಿಂಗೆ? ಊರ್ ಉಗಿತ್, ನೀ ಕೂಕಂಡ್ ಉಗ್ಸಕಂತೆ ಇದ್ದೆ."

"ಎಂತ ಹೇಳುದ್ ಒಡಿಯ?" ಅಂದ ಮುತ್ತ. "ಸಣ್ ಗಂಡ್. ಅಪ್ಪನ್ ಕಂಡ್ ಕುಣೀತ್. ಅದ್ಕೆ ತಂಗಿ ಕೊಂದವ ಅಂದೇಳಿ ಹೆಸ್ರ್ ಕಟ್ಟುದಾ? ಕುಷ್ಟ ಅದನ್ನ ಕೊಂದೇ ಹಾಕ್ತ. ದೋಣಿ ನಂದ್, ಜಲ್ಲಿ ನನ್ ಕೈಯಗಿತ್. ತಪ್ಪ್ ನಂದೇ ಅಂದ್ರೆ ಅಲ್ಲಿಗ್ ಮುಗೀತಲ್ಲ."

"ಮಗ್ಳಿಗೆ ಎಂತ ಹೇಳ್ದೆ?"

ದಡಕ್ಕೆ ಎಳೆದು ಹಾಕಿದಾಗಲೇ ಮುತ್ತ ಗೋಪಿಯ ಕಿವಿಯಲ್ಲಿ ಹೇಳಿದ್ದನಂತೆ, ಯಾರು ಕೇಳಿದರೂ ಬಾಯಿ ಬಿಡಬೇಡ ಎಂದು. "ನಾ ಹೇಳ್ದದ್ ಆ ಒಂದ್ ಮಾತಿಗೆ," ಅಂದ. "ಅದ್ ಪೂರಾ ಬಾಯೇ ಮುಚ್ಕಂಡ್ತ್. ಮನಿಯಗೂ ಆಡುದಿಲ್ಲೆ. ಈಗ ನಾ ಆಡ್ ಅಂದ್ರೂ ಆಡುದಿಲ್ಲೆ." ಆಮೇಲೆ ಅವನೇ ಕೇಳಿದ, ಮಕ್ಕಳು ನಿದ್ದೆ ಮಾಡಿದ್ದು ಹೌದೇ ಎಂದು. ಹೌದು ಎಂದ ಚಂದಯ್ಯ. "ಹಾಂಗಾರ್ ಮತ್ತೊಂದ್ ಸಲ ಆಡ್ಸಿ. ನನ್ನ ಹೊಡ್ದ್ರೆ ಅವಕ್ಕೆ ನಿದ್ರಿ ಬತ್ತಂದ್ರೆ ಹೊಡೀಲಿ, ಗೊಂಬಿ ಅಲ್ದಾ. ಗೋಪಿ ಆ ಮಾತ್ ಹೇಳುದ್ ಬೇಡ, ಅಷ್ಟೇ. ನಾ ಅದಕ್ ಹೇಳ್ತೆ."

ಚಂದಯ್ಯನಿಗೆ ಸಿಟ್ಟು ನೆತ್ತಿಗೇರಿತು. ಈ ಒಳ್ಳೆಯತನ ಯಾರಿಗೆ ಬೇಕಾಗಿತ್ತು. ಒಂದು ಹುಡುಗನ ನಿದ್ದೆಗೆ ತನ್ನ ಮಾನ ಕೊಟ್ಟ, ಅದು ಅವನ ಸ್ವಂತದ್ದು, ಕೊಡಲಿ. ಮಗಳ ನಾಲಿಗೆಯನ್ನೂ ಸೇರಿಸಿ ಕೊಡಲು ಇವನಾರು. ಎಲ್ಲವನ್ನೂ ಮಾಸ್ಟ್ರಿಗೆ ಹೇಳಿಬಿಡುತ್ತೇನೆ ಎಂದು ಎದ್ದ. ಮಾಸ್ಟ್ರಿಗೆ ಹೇಳಿದರೆ ಗೋಪಿ ಬಾಯಿ ಮುಚ್ಚಬೇಕಾದ ಕಾರಣವೇ ಇರುವುದಿಲ್ಲ, ನಾಳೆ ಎಲ್ಲರ ಮುಂದೆ ತನ್ನದೇ ಸ್ವರದಲ್ಲಿ ಹೇಳಿ ಹಗುರಾಗುತ್ತಾಳೆ. ಎಷ್ಟು ಸುಲಭ ಎಂದುಕೊಂಡೇ ಅವನು ಶಾಲೆಯ ಕಡೆಗೆ ನಡೆದ.

ಬಾವಿಕಟ್ಟೆಯ ಹತ್ತಿರ ಕಿಟ್ಟ ಅಡ್ಡ ನಿಂತ. ತಲೆ ಒದ್ದೆಯಿತ್ತು, ಕೂದಲು ಚಪ್ಪಟೆ ಬಾಚಿತ್ತು. ಕಣ್ಣಿನ ಕೆಳಗಿನ ಕಪ್ಪು ಒಂದೇ ದಿನಕ್ಕೆ ಸ್ವಲ್ಪ ತಿಳಿಯಾಗಿತ್ತು.

"ಗೋಪಿ ಹೇಳ್ದ್ ಕೇಂಡ್ರ್ಯಾ ನೀವ್?"

ಆ ಹುಡುಗ ಗಟ್ಟಿಯಾಗಿ ನಿಲ್ಲಲು ಎಷ್ಟು ಕಷ್ಟಪಡುತ್ತಿದ್ದ ಎಂದು ಚಂದಯ್ಯನಿಗೆ ಕಂಡಿತು. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದುಕೊಂಡಿದ್ದ. ಕೇಳಿದೆ ಎನ್ನಬೇಕು. ಕೇಳಿದೆ ಮಗಾ, ಅದು ನಿನ್ನ ತಪ್ಪಲ್ಲ ಎನ್ನಬೇಕು. ಎರಡನೆಯ ಮಾತು ಹುಡುಗನ ಕಿವಿ ಮುಟ್ಟುವ ಮೊದಲೇ ಮೊದಲನೆಯದು ಅವನನ್ನು ಮುಗಿಸಿಬಿಡುತ್ತದೆ.

"ಇಲ್ಲೆ ಮಗಾ," ಅಂದ ಚಂದಯ್ಯ. "ಚಂಡಿ ಶಬ್ದಕ್ಕೆ ಎಂತ ಕೇಣತ್ತ್."

ಕಿಟ್ಟ ಉಸಿರು ಬಿಟ್ಟ. ಮತ್ತೇನೂ ಕೇಳದೆ ಓಡಿದ. ಚಂದಯ್ಯ ಮಾಸ್ಟ್ರ ಕೋಣೆಯವರೆಗೆ ಹೋಗಿ, ಮುಂದಿನ ಆಟ ಯಾವಾಗ ಎಂದು ಕೇಳಿ ವಾಪಸು ಬಂದ. ಮುತ್ತನನ್ನು ಬೈದದ್ದು ಯಾವ ಬಾಯಿಯಿಂದ ಎಂದು ಅವನಿಗೆ ಆಮೇಲೆ ನಾಚಿಕೆಯಾಯಿತು.

ಆಟದ ದಿನ ಕೋಡಿಗೆ ಕೋಡಿಯೇ ಬಂದಿತ್ತು. ಹೆಂಗಸರು ಮುಂದೆ, ಗಂಡಸರು ಹಿಂದೆ. ಮಳೆ ಕಳೆದು ಮಂಜಿ ಹೊರಡಲು ಇನ್ನೂ ದಿನವಿದ್ದ ಕಾರಣ ಕುಷ್ಟನೂ ಇದ್ದ, ಜಲಜಳ ಹಿಂದೆ ಕೈಕಟ್ಟಿ ನಿಂತಿದ್ದ. ಮುತ್ತ ಹೊರಗೆ ಕಿಟಕಿಯ ಹತ್ತಿರ ಇದ್ದ. ಬೆಂಚು ದೋಣಿಯಾಯಿತು. ಗೊಂಬೆಗಳು ಹತ್ತಿದವು. ಮಕ್ಕಳು ಈ ಸಲ ಹೆದರಿರಲಿಲ್ಲ, ಮುಂದೇನೆಂದು ತಿಳಿದ ಆಟ ಆಡುವ ಮಕ್ಕಳ ಸಡಗರ ಅವರಲ್ಲಿತ್ತು. ಗೋಪಿ ರಾಕ್ಷಸನನ್ನು ನಿಲ್ಲಿಸಿದಳು.

ಹೇಳು ಎಂದು ಚಂದಯ್ಯ ಮನಸ್ಸಿನೊಳಗೆ ಬೇಡಿಕೊಂಡ. ನಾನು ಹೇಳಲಾರದ್ದನ್ನು ನೀನು ಹೇಳಿಬಿಡು ಮಗಳೇ, ಇವತ್ತು ಪದ ಎತ್ತುವುದಿಲ್ಲ, ಚಂಡೆ ಮುಟ್ಟಬೇಡ ಎಂದು ಸುಬ್ಬನಿಗೆ ಹೇಳಿದ್ದೇನೆ, ಒಂದು ಮಾತು ಕೇಳಿದರೆ ಸಾಕು ಈ ಇಷ್ಟು ಜನಕ್ಕೆ.

ದೋಣಿ ನಡುವಿಗೆ ಬಂತು. ರಾಕ್ಷಸ ತಲೆ ಎತ್ತಿದ. ಕಿಟಕಿಯಾಚೆ ಮುತ್ತ ಸರಳು ಹಿಡಿದುಕೊಂಡ. ಗೋಪಿ ಕಿಟಕಿಯ ಕಡೆ ನೋಡಲಿಲ್ಲ.

"ತಪ್ಪ್ ನಂದೇ ಮಕ್ಳೇ," ಅಂದಿತು ಆ ಒಡೆದ ಸ್ವರ. "ದೋಣಿ ಮಗುಚ್ದವ ನಾನೇ. ನಿಮ್ದ್ ಎಂತದೂ ಇಲ್ಲೆ. ನನ್ನ ಕೊಂದ್ ಬಿಡಿ."

ಹೆಂಗಸರು ಹೋ ಎಂದು ಅತ್ತರು. ಮಾಸ್ಟ್ರು ಚಂದಯ್ಯನ ಭುಜ ಹಿಡಿದು, "ಮಾತಾಡ್ತ್ ಕಾಣಿ, ಅದ್ ಮಾತಾಡ್ತ್," ಎಂದರು, ಅವರ ಕಣ್ಣಲ್ಲಿ ನೀರಿತ್ತು. ಚಂದಯ್ಯ ಪದ ಎತ್ತಲಿಲ್ಲ, ಸುಬ್ಬ ಚಂಡೆ ಮುಟ್ಟಲಿಲ್ಲ. ಮಕ್ಕಳಿಗೆ ಅದು ಬೇಕಾಗಿರಲಿಲ್ಲ. ಪದದ ಧಾಟಿ ಅವರೇ ಕಲಿತುಕೊಂಡಿದ್ದರು, ಬಾಯಲ್ಲೇ ಚಂಡೆ ಬಡಿದುಕೊಂಡು ಹೊಡೆದರು. ಕಿಟ್ಟ ಮಾತ್ರ ಸ್ವಲ್ಪ ತಡೆದ. ಗೋಪಿಯ ಮುಖ ನೋಡಿದ. ಅವಳು ರಾಕ್ಷಸನನ್ನು ಒಂದು ಹೆಜ್ಜೆ ಮುಂದೆ ತಂದು ಅರ್ಜುನನ ಎದುರೇ ನಿಲ್ಲಿಸಿಕೊಟ್ಟಳು. ಆಗ ಅವನೂ ಹೊಡೆದ.

ರಾಕ್ಷಸನನ್ನು ಅವಳು ಚಂದವಾಗಿ ಸಾಯಿಸಿದಳು. ಮೊದಲು ಮಂಡಿ, ಆಮೇಲೆ ಸೊಂಟ, ಕೊನೆಗೆ ತಲೆ. ಕಸುಬಿನವರಿಗೂ ಅದು ಕೂಡಿಬರಲು ವರ್ಷ ಬೇಕು.

ಜನ ಎದ್ದ ಮೇಲೆ ಚಂದಯ್ಯ ಅವಳ ಹತ್ತಿರ ಕುಕ್ಕರಿಸಿದ. ರಾಕ್ಷಸನನ್ನು ಬದಿಗಿಟ್ಟು ಹಾಸ್ಯಗಾರನನ್ನು ಅವಳ ಕೈಗೆ ಕೊಟ್ಟ. "ಇದನ್ನ ಹಿಡ್ಕೊ," ಅಂದ. "ಇದ್ರ ಬಾಯಲ್ಲಾರೂ ಒಂದ್ ಮಾತ್ ಆಡ್. ಎಂತ ಆದ್ರೂ ಆಯ್ತ್." ಅವಳು ಹಾಸ್ಯಗಾರನ ಸೂತ್ರದಲ್ಲಿದ್ದ ಗಂಟು ಬಿಡಿಸಿ ಅದನ್ನು ಅವನ ಮಡಿಲಲ್ಲಿಟ್ಟಳು. ಎದ್ದು ಬಾಗಿಲಿಗೆ ಹೋದಳು. ಅಲ್ಲಿ ಮುತ್ತ ನಿಂತಿದ್ದ, ಅವಳ ತಲೆ ಸವರಿ, "ಚಂದ ಹೇಳ್ದೆ ಮಗಾ," ಅಂದ.

ಕುಷ್ಟ ಜನರನ್ನು ದಾಟಿ ಅವರ ಎದುರಿಗೆ ಬಂದ. ಮತ್ತೆ ಹೊಡೆದಾಟವಾಗುತ್ತದೆ ಎಂದು ಜಲಜ ಅವನ ಅಂಗಿ ಹಿಡಿದಳು. ಕುಷ್ಟ ಹೊಡೆಯಲಿಲ್ಲ. ಅವನ ಸಿಟ್ಟು ಇಳಿದಿತ್ತು, ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಬಂದಿದ್ದ.

"ಮಗ್ಳ್ ಬಾಯಲ್ಲಾರೂ ಸತ್ಯ ಬಂತಲ್ಲ, ಮುತ್ತ," ಅಂದ.

"ಹೌದ್," ಅಂದ ಮುತ್ತ.

ಗೋಪಿ ಅಪ್ಪನ ಬೆರಳು ಹಿಡಿದು ನಿಂತು ಎರಡೂ ಮಾತು ಕೇಳಿಸಿಕೊಂಡಳು. ಕಿಟ್ಟನೂ ಕೇಳಿಸಿಕೊಂಡ. ಒಳಗೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ಚಂದಯ್ಯನಿಗೂ ಕೇಳಿತು, ಅಷ್ಟು ಹತ್ತಿರದಲ್ಲೇ ಇದ್ದ ಅವನು. ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.